ಏಳನೇ ಪ್ಯಾರಾ

ಉಪ್ಪಳ ಪೇಟೆ, ಟೈಲರ್ ಅಂಗಡಿಯ ಮಾಳಿಗೆ.
ಬುಧವಾರ ಮೂರರಿಂದ ಆರು. ಫೀಸು ಇಲ್ಲ.
ಇಲ್ಲ ಎಂದರೆ ಇಲ್ಲ ಎಂದು ಮೂರು ಸಲ ಹೇಳಬೇಕಾಯಿತು
ಸೆನೋವಾರಾಳಿಗೆ. ಪುಕ್ಕಟೆ ಸಿಕ್ಕಿದ್ದಕ್ಕೆಲ್ಲ
ಆಮೇಲೆ ಬೆಲೆ ತೆತ್ತವಳು; ನಂಬುವುದು ಹೇಗೆ?

ಐಸ್ ಪ್ಲಾಂಟಿನಿಂದ ನೇರ ಬಂದಿದ್ದಾಳೆ,
ಬೆರಳ ತುಂಬ ಮೀನಿನ ಹುರುಪೆ.
ಪಕ್ಕದಲ್ಲಿ ಹನ್ನೊಂದರ ಹುಡುಗ, ತಂಗಿಯ ಮಗ.
ಅವಳ ಮಾತು ಅವನ ಹಿಂದಿಗೆ,
ಅವನ ಹಿಂದಿ ನನ್ನ ಕನ್ನಡಕ್ಕೆ,
ನನ್ನ ಕನ್ನಡ ಕಿಣಿ ವಕೀಲರ ಇಂಗ್ಲಿಷಿಗೆ.
ನಮ್ಮದು ಏಳು ಭಾಷೆಯ ನಾಡು ಅಂತ
ಮೈಕು ಸಿಕ್ಕಲ್ಲೆಲ್ಲ ಹೇಳುತ್ತೇವೆ.
ಎಂಟನೆಯದು ಬೆಂಚಿನ ತುದಿಯಲ್ಲಿ ಕೂತಿದೆ,
ಒರಗದೆ.

"ಊರು ಯಾವುದಾಯಿತು?"
ಬಸ್ಸಿನಲ್ಲಿ, ಮದುವೆಯ ಊಟದ ಸಾಲಿನಲ್ಲಿ
ಯಾರು ಯಾರಿಗೂ ಕೇಳುವ ಪ್ರಶ್ನೆ.
ನನ್ನ ಬಾಯಿಂದ ಹೊರಟದ್ದೇ ಅದಕ್ಕೆ ಠಾಣೆಯ ದನಿ ಬಂತು.
ಉತ್ತರ ಹೇಳಲಿಲ್ಲ. ಎರಡು ಕಾರ್ಡು ತೆಗೆದು ಮೇಜಿಗಿಟ್ಟಳು.
ಅವಳದರ ಅವಧಿ ಮುಗಿದು ನಾಲ್ಕು ತಿಂಗಳು.
ಗಂಡನದರಲ್ಲಿ ಒಂದಕ್ಷರ ತಪ್ಪು;
ಆ ಅಕ್ಷರದ ಸಲುವಾಗಿ ಅವನು ಒಳಗಿದ್ದಾನೆ.

ಅಕ್ಷರದ ಕಾಟ ನನಗೆ ಹೊಸತಲ್ಲ.
ಅಜ್ಜಿಯ ಜಾಗದ ಕನ್ನಡ ದಸ್ತಾವೇಜನ್ನು
ಕಾಸರಗೋಡಿನ ಕಚೇರಿ ಆರು ಸಲ ಹಿಂದೆ ಕಳಿಸಿತ್ತು:
ಓದಬಲ್ಲವರಿಲ್ಲ, ತರ್ಜುಮೆ ಲಗತ್ತಿಸಿ.
ಹಾಗೆ ಕಲಿತ ಕೆಲಸ ಇದು.
ಅಷ್ಟಕ್ಕೇ ಇವಳ ಕಷ್ಟ ಗೊತ್ತು ಎನ್ನಲಾರೆ.
ಅಜ್ಜಿಗೆ ಜಾಗವಾದರೂ ಇತ್ತು.

"ನಾವು ಬಂದೆವು," ಎಂದ ಹುಡುಗ.
ಕಿಣಿಯವರ ಪೆನ್ನು ನಿಂತಿತು.
ಬಂದೆವು ಎಂದರೆ ಕೂಲಿಗೆ ಬಂದವರು.
ಓಡಿ ಬಂದೆವು ಎಂದರೆ ಅದು ಬೇರೆಯೇ. ಇನ್ನೊಮ್ಮೆ ಕೇಳು.
ಕೇಳಿದ. ಅವಳು ತುಂಬ ಹೊತ್ತು ಹೇಳಿದಳು,
ಕೈಯನ್ನು ನೆಲದಿಂದ ಗೇಣೆತ್ತರ ಹಿಡಿದು.
ಹುಡುಗ ಕಿಟಕಿ ನೋಡಿಕೊಂಡು ಚಿಕ್ಕದು ಮಾಡಿ ಕೊಟ್ಟ:
"ಒಲೆ ಮೇಲೆ ಅನ್ನ ಇತ್ತಂತೆ.
ಬೆಂದಿರಲಿಲ್ಲವಂತೆ."

ಇದು ಸಾಕ್ಷ್ಯ ಆಗುವುದಿಲ್ಲ, ಎಂದರು ಕಿಣಿ.
ಬರೆದದ್ದಕ್ಕೆ ಗೀಟು ಎಳೆದರು.
ಕೆಳಗೆ ಮತ್ತೆ ಅದನ್ನೇ ಬರೆದರು.
ಏಳನೇ ಪ್ಯಾರಾ. ಒಂದೇ ವಾಕ್ಯ.

ಹೋಗುವಾಗ ಮೆಟ್ಟಿಲ ಮೇಲೊಂದು ತೊಟ್ಟೆ ಇಟ್ಟು ಹೋಗಿದ್ದಳು:
ಆರು ಬಂಗುಡೆ, ಹೊಟ್ಟೆ ಸೀಳಿ ತೊಳೆದದ್ದು.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.
ನಾನು ತಿನ್ನದವಳು. ಮೂರು ಕಿಣಿಯವರಿಗೆ,
ಮೂರು ಕೆಳಗೆ ಟೈಲರ್ ಮೊಯ್ದುವಿನ ಮನೆಗೆ.

ಮುಂದಿನ ಬುಧವಾರ ಹುಡುಗನಿಗೆ ಪರೀಕ್ಷೆ, ಬರುವುದಿಲ್ಲ.
ಅವಳು ಬರುತ್ತಾಳಂತೆ.
ಭಾಷೆಯಿಲ್ಲದೆ ಹೇಗೆ, ಎಂದು ಕೇಳುವುದಕ್ಕೆ ಬೇಕಾದಷ್ಟೂ
ಭಾಷೆ ಇಲ್ಲ ನಮ್ಮಿಬ್ಬರ ನಡುವೆ.