ಕೂಡಿಸೋದಾ, ಮಲಗಿಸೋದಾ

ರಾತ್ರಿ ಎರಡೂ ಹತ್ತಕ್ಕೆ ಫೋನೆತ್ತಿ
ಅಯ್ಯೋ ಅನ್ನಲಿಲ್ಲ ಅವನು, ಯಾರು ಏನು ಅನ್ನಲಿಲ್ಲ.
ಒಮ್ಮೆ ಕೆಮ್ಮಿ, ಕೇಳಿದ್ದು ಇಷ್ಟೇ:
"ಕೂಡಿಸೋದಾ, ಮಲಗಿಸೋದಾ?"

ವಿಮ್ಸ್ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ
ಚಪ್ಪಲಿ ಒಂದೇ ಕಾಲಿಗಿತ್ತು ನನಗೆ.
ಆ ಮಾತು ಅರ್ಥವಾಗಲು
ಒಂದು ಆಂಬುಲೆನ್ಸ್ ಬಂದು ಹೋಗುವಷ್ಟು ಹೊತ್ತು ಹಿಡಿಯಿತು.
"ನಮ್ಮಲ್ಲಿ ಕೂಡಿಸ್ತಾರೆ" ಅಂದೆ,
ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ.
"ಹಂಗಾದ್ರೆ ತಡ ಮಾಡಬ್ಯಾಡಮ್ಮ.
ನಾಕು ತಾಸಾದ್ಮೇಲೆ ಮೊಣಕಾಲು ಮಾತು ಕೇಳಲ್ಲ."

ಹೊನ್ನೂರಪ್ಪ ಅಂತ ಹೆಸರು. ಕೌಲ್ ಬಜಾರಿನ ಸಂದಿಯಲ್ಲಿ
ಪಂಚರ್ ಅಂಗಡಿಗೂ ಮಿರ್ಚಿ ಬಂಡಿಗೂ ನಡುವೆ
ಬೋರ್ಡಿಲ್ಲದ ಒಂದು ಶೆಟರು.
ಒಳಗೆ ಬಿದಿರು, ಹುರಿಹಗ್ಗ, ಮಡಕೆ, ಕರ್ಪೂರ,
ಐಸಿನ ಗಾಜಿನ ಪೆಟ್ಟಿಗೆ,
ಯಾರೂ ವಾಪಸ್ ಕೇಳದ ಮೂರು ಕನ್ನಡಕ.

ಮೂರೂವರೆಗೆ ಅವನ ಟಂಟಂ ಮನೆ ಮುಂದೆ ನಿಂತಿತು.
ಕುರುಗೋಡಿನಿಂದ ಮಾವಂದಿರು ಆಗಲೇ ಬಂದಿದ್ದರು.
ಗೋಡೆಗೆ ಮೊಳೆ ಎಲ್ಲಿ ಹೊಡೆಯಬೇಕೆಂದು
ದೊಡ್ಡ ಮಾವ ಚನ್ನವೀರಪ್ಪ ಗೇಣು ಹಾಕಿ ಅಳೆಯುತ್ತಿದ್ದ:
ಬೆನ್ನಿಗೆ ಹಲಗೆ, ಗದ್ದಕ್ಕೆ ಬಟ್ಟೆ, ಹಣೆಗೊಂದು ಪಟ್ಟಿ,
ಪದ್ಮಾಸನ.

ಆಗ ನನ್ನ ಬಾಯಿಂದ ಬಂತು, ನಾನೇ ಬೆಚ್ಚಿ ಕೇಳಿಸಿಕೊಂಡೆ:
"ಮೂವತ್ತೊಂದು ವರ್ಷ ಕೂತಳು ಅವ್ವ.
ಪೀಸಿಗೆ ಮೂರು ರೂಪಾಯಿ ಇದ್ದಾಗಿಂದ
ಜೀನ್ಸ್ ಹೊಲಿಯುತ್ತ, ಉಣ್ಣುವಾಗಲೂ ಅದೇ ಸ್ಟೂಲು.
ಮಲಗಿದರೂ ಕೂತ ಹಾಗೇ ಮಲಗೋಳು.
ಈಗಲಾದರೂ ಮಲಗಿಸಿ."

ಫ್ಯಾನಿನ ಸದ್ದು ಮಾತ್ರ.
"ಹುಚ್ಚಿ" ಅಂದ ಮಾವ, ಸಿಟ್ಟಿಲ್ಲದೆ.
"ಶಿವನ ಹತ್ರ ಮಲಕ್ಕಂಡು ಹೋಗ್ತಾರೇನೇ ಯಾರಾದ್ರೂ?"

ಹೊನ್ನೂರಪ್ಪ ನನ್ನ ಕಡೆ ನೋಡಲಿಲ್ಲ,
ಮಾವನ ಕಡೆಯೂ ನೋಡಲಿಲ್ಲ.
ಅವ್ವನ ಮೊಣಕಾಲನ್ನು ಹೆಬ್ಬೆರಳಿಂದ ಒಮ್ಮೆ ಒತ್ತಿ
ಗಡಿಯಾರ ನೋಡಿ,
"ಬಿದಿರು ಬಂದಿಲ್ರಿ ಇನ್ನಾ" ಅಂದ.
"ಸಂಡೂರು ಗಾಡಿ. ಒಂದು ತಾಸು ಆಗ್ತೈತೆ.
ಅಲ್ಲಿತನಕ ಚಾಪೆ ಮೇಲೇ ಇರ್ಲಿ. ನೀವು ಚಾ ಕುಡ್ಕೊಂಡು ಬರ್ರಿ."

ಗಂಡಸರು ಹೊರಗೆ ಹೋದ ಮೇಲೆ
ಅವ್ವನ ತಲೆಯ ಕೆಳಗಿನ ದಿಂಬನ್ನು ಮೆಲ್ಲಗೆ ತೆಗೆದ.
ಬಾಗಿಲು ಮುಂದೆ ಮಾಡಿ ಹೊಸ್ತಿಲಾಚೆ ಕೂತ.

ಒಂದು ತಾಸು.
ಪಕ್ಕದಲ್ಲಿ ನಾನೂ ಮಲಗಿದೆ, ಹೆಗಲಿಗೆ ಹೆಗಲು ಹಚ್ಚಿ.
ನನ್ನ ಕಾಲು ಮುಗಿದ ಮೇಲೂ ಅವಳ ಕಾಲು ಇತ್ತು.
ಅವ್ವ ನನಗಿಂತ ಉದ್ದ!
ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು
ನನಗೆ ಗೊತ್ತಿರಲಿಲ್ಲ.

ಉಗುರಿನ ಸಂದಿಯಲ್ಲಿ ಜೀನ್ಸಿನ ನೀಲಿ.
ನಿಂಬೆಹಣ್ಣು ಹಚ್ಚಿ ತಿಕ್ಕಿದೆ, ಹೋಗಲಿಲ್ಲ.
ಆಮೇಲೆ ಆ ನೀಲಿಯ ಮೇಲೇ ವಿಭೂತಿ ಧರಿಸಿದಳು.

"ಬಂತ್ರೀ ಗಾಡಿ" ಅಂತ ಅವನು ಕೂಗಿದಾಗ
ಯಾವ ಗಾಡಿಯ ಸದ್ದೂ ಆಗಿರಲಿಲ್ಲ.
ಹೊರಗೆ ಬಂದು ನೋಡಿದೆ:
ಬಿದಿರು ಟಂಟಮ್ಮಿನ ತಲೆಯ ಮೇಲೆ
ಬಂದಾಗ ಕಟ್ಟಿದ ಹಾಗೇ ಕಟ್ಟಿಕೊಂಡಿತ್ತು.
ಅದರ ಮೇಲೊಂದು ಬೆಕ್ಕು
ಆರಾಮಾಗಿ ನಿದ್ದೆ ಹೋಗಿತ್ತು.

ಕೂಡಿಸಿದೆವು. ಮೊಣಕಾಲು ಮಾತು ಕೇಳಿತು.
ಕಾಲು ಮಡಿಸುವ ಮುಂಚೆ ಅವಳ ಕಿವಿಯ ಹತ್ತಿರ
ಅವನು ಏನೋ ಅಂದ. ಮಂತ್ರ ಅಲ್ಲ ಅದು,
"ಸ್ವಲ್ಪ ಬೆನ್ನು ಕೊಡವ್ವ" ಅಂದಿರಬೇಕು.

ಲೆಕ್ಕದ ಚೀಟಿಯಲ್ಲಿ
ವಿಮಾನ, ಸೇವಂತಿಗೆ, ಬಿಲ್ವಪತ್ರೆ, ಉಪ್ಪು,
ಕುಣಿ ತೋಡಿದವರಿಗೆ, ವಿಭೂತಿ ಗಟ್ಟಿ ನೂರೊಂದು.
'ವೇಟಿಂಗ್' ಅಂತ ಬರೆದು ಹೊಡೆದುಹಾಕಿದ್ದ.
ಮಾವ ಇನ್ನೂರಕ್ಕೆ ಚೌಕಾಸಿ ಮಾಡಿದ. ಅದನ್ನೂ ಬಿಟ್ಟ.

ಈಗ ಆ ಸ್ಟೂಲು ನನ್ನದು.
ದೀಪಾವಳಿ ಆರ್ಡರು ಇದ್ದರೆ ರಾತ್ರಿ ಹನ್ನೊಂದಾಗುತ್ತದೆ.
ಮೊನ್ನೆ ಮಿರ್ಚಿ ಬಂಡಿಯ ಹತ್ತಿರ ಸಿಕ್ಕ,
ಕೈಯಲ್ಲಿ ಯಾರದೋ ವಿಳಾಸದ ಚೀಟಿ, ಅವಸರ.
ಚೆನ್ನಾಗಿದ್ದೀಯಾ ಅನ್ನಲಿಲ್ಲ.
"ಬೆನ್ನು ಹೆಂಗೈತಮ್ಮ?" ಅಂದ.