ಎರಡರಿಂದ ಎಂಟು

ಚಳಿಗಾಲದಲ್ಲಿ ನಾವು ಪೆಟ್ಟಿಗೆಯೊಳಗೆ ಐಸ್ ಇಡುವುದಿಲ್ಲ.
ಬಿಸಿಲ ಸೀಮೆಯವರು ಕೇಳಿದರೆ ನಕ್ಕಾರು:
ಔಷಧ ಕೆಡದಿರಲೆಂದು ಉಗುರುಬೆಚ್ಚಗಿನ ನೀರಿನ ಚೀಲ,
ಮೇಲೊಂದು ಕುರಿಯುಣ್ಣೆಯ ಪದರ, ಅದರ ಮೇಲೆ ಇನ್ಸುಲಿನ್,
ಪಕ್ಕದಲ್ಲಿ ಹೆಬ್ಬೆರಳಷ್ಟು ದೊಡ್ಡ ಯಂತ್ರ.
ಐದು ನಿಮಿಷಕ್ಕೊಮ್ಮೆ ಅದು ಚಳಿಯ ಲೆಕ್ಕ ಬರೆಯುತ್ತದೆ,
ಯಾರ ಮುಲಾಜೂ ಇಲ್ಲದೆ.

ಉಲಾನ್‌ಬಾಟರ್. ಜನವರಿ. ಹೊರಗೆ ಮೈನಸ್ ಮೂವತ್ತನಾಲ್ಕು.
ಕಲ್ಲಿದ್ದಲ ಹೊಗೆ ಗುಡ್ಡದ ಮೇಲಿನ ದುಂಡು ಗುಡಾರಗಳನ್ನು
ಒಂದೊಂದಾಗಿ ಒರೆಸಿಹಾಕುತ್ತಿದೆ.
ಎರಡರಿಂದ ಎಂಟು ಡಿಗ್ರಿ:
ಇಷ್ಟೇ ಅಗಲದ ಓಣಿಯೊಂದನ್ನು
ಈ ಊರಿನುದ್ದಕ್ಕೂ ಕಾಯುವುದು ನನ್ನ ಕಸುಬು.

ನೋಮಿನ್, ಏಳನೆಯ ತರಗತಿ, ರಾತ್ರಿಗೆ ಹನ್ನೊಂದು ಯೂನಿಟ್.
ಹೆಸರು ಓದಿದೆ. ಹುಟ್ಟಿದ ದಿನ ಓದಿದೆ.
ಪೆನ್ನುಗಳ ಬ್ಯಾಚ್ ಓದಿದೆ, ಅವಧಿ ಓದಿದೆ.
ಆಮೇಲೆ ಸರಂಗುವಾ ಬಂದು
ನಾನು ಓದಿದ್ದನ್ನೆಲ್ಲ
ನಾನು ಓದಿಯೇ ಇಲ್ಲವೆಂಬಂತೆ ಓದಿದಳು.
ನಂಬಿಕೆಯಿಲ್ಲವೆಂದಲ್ಲ.
ನಂಬಿಕೆಗೂ ಮಧ್ಯಾಹ್ನ ಮೂರಕ್ಕೆ ತೂಕಡಿಕೆ ಬರುತ್ತದೆ.

ನಾಲ್ಕೂವರೆಗೆ ಗಾನ್‌ಸುಖ್‌ನ ಫೋನು.
ಏರಿನ ನಡುವೆ ನಿಂತಿದೆ ಅವನ ಹಳೆಯ ಪ್ರಿಯಸ್.
ನಲವತ್ತು ನಿಮಿಷ ಹೀಟರಿಲ್ಲ.
ಪೆಟ್ಟಿಗೆ ಒಮ್ಮೆ ಕೂಗಿತಂತೆ.
"ಎಷ್ಟು ತೋರಿಸಿತು?"
"ಮೈನಸ್ ಮೂರು. ಹನ್ನೊಂದೇ ನಿಮಿಷ, ಸೊಲೊಂಗೊ ಅಕ್ಕ.
ತಕ್ಷಣ ತೆಗೆದು ಎದೆಗವಚಿಕೊಂಡಿದ್ದೇನೆ.
ಈಗ ನೋಡಿದರೆ ಏನೂ ಆಗಿಲ್ಲ,
ಬುಗ್ಗೆಯ ನೀರಿನಷ್ಟು ತಿಳಿ.
ತಾಯಿ ಬೇಲಿಯ ಬಳಿ ನಾಯಿ ಹಿಡಿದು ನಿಂತಿದ್ದಾಳೆ.
ನನಗೆ ಇಲ್ಲಿಂದಲೇ ಕಾಣುತ್ತಾಳೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.
ಬೆಳ್ಳಗಿರುವುದೆಲ್ಲ ಹಾಲಲ್ಲ,
ತಿಳಿಯಾಗಿರುವುದೆಲ್ಲ ಮದ್ದಲ್ಲ.
ಒಮ್ಮೆ ಹೆಪ್ಪುಗಟ್ಟಿ ಕರಗಿದ್ದು
ಪೆನ್ನಿನೊಳಗೆ ಪೆನ್ನಿನಂತೆಯೇ ಕೂತಿರುತ್ತದೆ,
ಮುಖ ಬದಲಿಸದೆ ಮಾತು ತಪ್ಪಿದ ನೆಂಟನ ಹಾಗೆ.
ಗೊತ್ತಾಗುವುದು ರಾತ್ರಿ,
ಹುಡುಗಿಯ ರಕ್ತದಲ್ಲಿ.

"ವಾಪಸ್ ತಾ" ಎಂದೆ.

ಅವನು ಏನೂ ಹೇಳಲಿಲ್ಲ.
ಫೋನಿನಲ್ಲಿ ಗಾಳಿ ಇತ್ತು, ದೂರದಲ್ಲಿ ನಾಯಿ ಇತ್ತು.
ಐದು ಪೆನ್ನು. ನನ್ನ ಒಂದು ವಾರದ ಸಂಬಳ.
ಕೆಂಪು ಡಬ್ಬಿಗೆ ಹಾಕುವಾಗ ಸದ್ದು ಬಹಳ ಸಣ್ಣದು.
ಎರಡು ಸಹಿ: ನನ್ನದು, ಸರಂಗುವಾಳದು.
ಕಾರಣ ಎಂಬ ಖಾನೆಯಲ್ಲಿ "ಚಳಿ" ಎಂದು ಬರೆದು,
ಹೊಡೆದುಹಾಕಿ, ಅಂಕಿ ಬರೆದೆ.

ರಾತ್ರಿ ಎಂಟಕ್ಕೆ ಇನ್ನೊಬ್ಬನ ಗಾಡಿಯಲ್ಲಿ
ಗಾನ್‌ಸುಖ್ ಮತ್ತೆ ಹೋದ, ಹೊಸ ಪೆಟ್ಟಿಗೆ ಮಡಿಲಲ್ಲಿ.
ತಾಯಿ ಕೇಳಿದಳಂತೆ: "ಸಂಜೆ ಬಂದವನು ನೀನೇ ಅಲ್ಲವೇ?
ಬಾಗಿಲ ತನಕ ಬಂದು ತಿರುಗಿದೆಯಲ್ಲ!"
ಏನು ಹೇಳಿದನೋ ನನಗೆ ಹೇಳಲಿಲ್ಲ.

ಆದರೆ ಆ ಭಾನುವಾರ, ರಜೆಯ ದಿನ,
ತನ್ನ ನೀಲಿ ದೇಲ್ ಅಂಗಿ ತೊಟ್ಟು ಅಂಗಡಿಗೆ ಬಂದ.
"ಗಾಡಿ ಮತ್ತೆ ಕೆಡುತ್ತದೆ ಅಕ್ಕ. ಅಳೆಯೋಣ."
ಎದೆಗೆ ತಾಗಿಸಿದರೆ ಮೂವತ್ತಮೂರು.
ಕರುಣೆಗೂ ಕಾವು ಹೆಚ್ಚು, ಅದೂ ಓಣಿಯಾಚೆಗೆ.
ಹೊರಜೇಬಿನಲ್ಲಿ ಮೈನಸ್ ಒಂಬತ್ತು.
ಪಟ್ಟಿಯೊಳಗೆ, ತೋಳಿನೊಳಗೆ, ಬೆನ್ನಿಗೆ,
ಅಂಗಳದಲ್ಲಿ ಹದಿನೈದು ನಿಮಿಷ ಅವನು ನಿಲ್ಲುವುದು,
ಒಳಬಂದು ಮೂಗು ಉಜ್ಜಿಕೊಳ್ಳುವುದು, ನಾನು ಬರೆಯುವುದು.
ಖಾಲಿ ಪೆನ್ನಿನಲ್ಲಿ ನೀರು ತುಂಬಿದ್ದೆವು.
ಸಂಜೆಯ ಹೊತ್ತಿಗೆ ಸಿಕ್ಕಿತು:
ಎಡಗಡೆ, ಉಣ್ಣೆಗೂ ಕುರಿಚರ್ಮದ ಅಸ್ತರಿಗೂ ನಡುವೆ,
ಅಂಗೈಯಷ್ಟು ಜಾಗ.
ಆರು. ಆರೂವರೆ. ಏಳು. ಆರು.

ನಿಯಮದ ಪುಸ್ತಕದಲ್ಲಿ ಈಗ ಅದು ಕ್ರಮಸಂಖ್ಯೆ ಹದಿನಾಲ್ಕು:
"ವಾಹನ ಕೆಟ್ಟಲ್ಲಿ ಯಂತ್ರವೂ ಔಷಧವೂ ಒಟ್ಟಿಗೆ
ಮೇಲಂಗಿಯ ಎರಡನೆಯ ಪದರದಲ್ಲಿ, ಎಡಕ್ಕೆ."
ತಪಾಸಣೆಗೆ ಬಂದ ಅಧಿಕಾರಿ ಕನ್ನಡಕ ತೆಗೆದು ಕೇಳಿದ,
"ಎಡಕ್ಕೇ ಯಾಕೆ?"
ಲೆಕ್ಕದ ಹಾಳೆ ಮುಂದೆ ಸರಿಸಿದೆ.
ಗಾನ್‌ಸುಖ್ ಎಡಚ, ಬಾಗಿಲು ತಟ್ಟಲು
ಆ ಕೈ ಹೊರಗಿರಬೇಕು, ಅಂಗಿ ಅಲ್ಲಿ ಕೊಂಚ ತೆರೆದಿರುತ್ತದೆ,
ಎಂಬುದನ್ನು ಮಾತ್ರ ಹಾಳೆಯಲ್ಲಿ ಬರೆದಿರಲಿಲ್ಲ.