ನಾಲ್ಕಕ್ಷರ

ಟ್ರಿಯೆಸ್ಟೆಯಲ್ಲಿ ಇವತ್ತು ಬೋರಾ ಗಾಳಿ.
ಏರುಬೀದಿಯ ಗೋಡೆಗುಂಟ ಕಟ್ಟಿದ ಹಗ್ಗ ಹಿಡಿದು
ಒಬ್ಬೊಬ್ಬರೇ ಆಸ್ಪತ್ರೆ ಸೇರಿದೆವು.
ನನ್ನ ಟೋಪಿ ಸೇರಲಿಲ್ಲ.

ಮೂರನೇ ಮಹಡಿ. ಕಿಟಕಿ ನಡುಗಬಹುದು,
ಸೂಕ್ಷ್ಮದರ್ಶಕ ನಡುಗಬಾರದು.
ಗಾಜಿನ ಮೇಲೆ ಉಗುರಗಲ ಮೂಳೆಮಜ್ಜೆ:
ಡುಯಿಲಿಯೊ ಗ್ಲಾವಿನಾ, ಅರವತ್ತೊಂದು,
ಮೊನ್ಫಾಲ್ಕೋನೆಯ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುವಾತ.
ಸೂಜಿ ಇಳಿಯುವಾಗ ಹೇಳಿದನಂತೆ:
"ಹಡಗನ್ನು ಇಡಿಯಾಗಿ ಯಾರೂ ಕಟ್ಟುವುದಿಲ್ಲ ಸಿಸ್ಟರ್,
ಹೊಟ್ಟೆ ಒಂದು ಕಡೆ, ಮೂತಿ ಒಂದು ಕಡೆ.
ಎತ್ತಿ ಕೂಡಿಸುವವನು ನಾನು."

ಅವನ ಒಂದೊಂದು ಕೋಶದಲ್ಲೂ ಅಂಥದೇ ಕಟ್ಟೆಯಿದೆ,
ಅವನಿಗೆ ಯಾರು ಹೇಳಬೇಕು?
ಕೇಂದ್ರದ ನಡುವೆ, ಗೋಡೆಯಿಲ್ಲದೆ,
ಸಾರಿನ ಮೇಲಿನ ಎಣ್ಣೆಹನಿಯಂಥ ಕಿರುಕೇಂದ್ರ.
ಅಲ್ಲಿ ರೈಬೋಸೋಮಿನ ದೊಡ್ಡ ತುಂಡು, ಚಿಕ್ಕ ತುಂಡು
ಬೇರೆಬೇರೆ ತಯಾರು.
ಐದೈದಾಗಿ ಕೈಕೈ ಹಿಡಿದು ನಿಲ್ಲುವ ಒಂದು ಪ್ರೋಟೀನು
ಅವನ್ನು ಬಾಗಿಲು ದಾಟಿಸಿ
ಬರಿಗೈಲಿ ಹಿಂದಿರುಗುತ್ತದೆ,
ದಿನಕ್ಕೆಷ್ಟು ಸಲವೋ.
ಕೂಲಿ ಕೇಳಿದ್ದನ್ನು ನಾನಂತೂ ಕಾಣೆ.

ಗಾಳಿ ಎದ್ದ ದಿನ ಬೇರೆ.
ವಿಷವೋ, ಕಾವೋ, ಸೀಳಿದ ಎಳೆಯೋ,
ಕಟ್ಟೆಯ ಕೆಲಸ ನಿಂತೊಡನೆ
ಹನಿಯಿಂದ ಹೊರಬಿದ್ದು ಕೇಂದ್ರದ ತುಂಬ ಓಡಾಡುತ್ತದೆ;
ಕಾವಲುಗಾರನ ಕತ್ತು ಹಿಸುಕುವ ಕೈಯನ್ನು
ಹೋಗಿ ಹಿಡಿದುಕೊಳ್ಳುತ್ತದೆ.
ಉಸಿರು ಬಂದ ಕಾವಲುಗಾರ ಕೂಗುತ್ತಾನೆ:
ನಿಲ್ಲಿ, ಒಡೆದು ಎರಡಾಗಬೇಡಿ,
ಮೊದಲು ರಿಪೇರಿ.

ಇನ್ನು ಈ ಸ್ಲೈಡು.
ಆ ಪ್ರೋಟೀನು ಎಲ್ಲಿದೆಯೋ ಅಲ್ಲಿ ಕಂದು ಹತ್ತುತ್ತದೆ.
ಕೇಂದ್ರದಲ್ಲಷ್ಟೇ ಹತ್ತಬೇಕಿತ್ತು.
ಅಂಗಳವೆಲ್ಲ ಕಂದು.

ನಾಲ್ಕಕ್ಷರ.
ಬರೆಯುವ ಕೈ ತಡವರಿಸಿ
ಬರೆದದ್ದನ್ನೇ ಮತ್ತೆ ಬರೆದ ನಾಲ್ಕಕ್ಷರ.
ಅಲ್ಲಿಂದಾಚೆ ಕಾಗುಣಿತವೆಲ್ಲ ಪಲ್ಲಟ;
ಬಾಲದಲ್ಲಿದ್ದ ಮನೆಯ ವಿಳಾಸ ಅಳಿಸಿ
'ಹೊರಗೆ' ಎಂಬ ಚೀಟಿ ಅಂಟಿದೆ.
ತಾನೊಂದೇ ಹೋಗಿದ್ದರೆ ಹೋಗಲಿ,
ಸರಿಯಿದ್ದ ಜೊತೆಗಾರರನ್ನೂ ಎಳೆದೊಯ್ದಿದೆ.
ಹಿಡಿದ ಕೈ ಬಿಡುವುದು
ಅದಕ್ಕೆ ಯಾರೂ ಕಲಿಸಿಲ್ಲ.

ಮದ್ದಿಗೆ ಬಗ್ಗುವ ತಪ್ಪು ಇದು, ಹಲವರಲ್ಲಿ.
ವರದಿಯಲ್ಲಿ 'ಹಲವರಲ್ಲಿ' ಎಂದು ಬರೆಯುವ ಜಾಗವಿಲ್ಲ.
ಕಂದು ಎಲ್ಲಿ, ಎಷ್ಟು, ಅಷ್ಟೇ.
ಕೆಳಗೆ ನನ್ನ ಹೆಸರು, ನಿವೆಸ್ ಪೆರ್ಟೋಟ್,
ಎರಡು ಸಲ ಓದಿಕೊಂಡೆ,
ಅಕ್ಷರ ಹೆಚ್ಚಾಗಿದೆಯೇ ಎಂದು.

ಬೋರಾ ದಿನ ಕ್ರೇನುಗಳಿಗೆ ರಜೆ.
ಅವನ ಕೊಕ್ಕೆ ಖಾಲಿ ತೂಗುತ್ತಿರಬೇಕು.

ಸಂಜೆ ಇಳಿಯುವಾಗ ನೋಡಿದೆ:
ಹಗ್ಗದ ಗೂಟಕ್ಕೆ ಯಾರೋ
ಸಿಕ್ಕಿದ ಟೋಪಿಯೊಂದನ್ನು ತೂಗುಹಾಕಿ ಹೋಗಿದ್ದರು.
ನನ್ನದಲ್ಲ.